ಒಂದೇ ಕುರ್ಚಿಯ ಪಡಸಾಲೆ

ಹಾಡುತ್ತಿದ್ದ ಪೆಟ್ಟಿಗೆಯಲ್ಲಿ ಯಾವ ದೋಷವೂ ಇರಲಿಲ್ಲ. ದೋಷವಿದೆ ಎಂದು ಒಬ್ಬ ಹೇಳಿದ, ನೀವು ನಂಬಿದಿರಿ. ನಂಬಿ ಸುಮ್ಮನಿರಲಿಲ್ಲ. ಅವನು ಹೇಳಿದ ಸುಳ್ಳಿಗೆ ನಿಮ್ಮ ಮನೆಯವರಿಂದ ದಂಡ ವಸೂಲಿ ಮಾಡಿದಿರಿ.

ಇದೇ ತಪ್ಪು ಮಾಡಿದ್ದ ಒಬ್ಬ ಶಿಷ್ಯ, ಮಾಡಿದ್ದು ತಪ್ಪೆಂದು ತಿಳಿಯದೆ, ಗುರುಗಳ ಮುಂದೆ ಕೂತು ಕೇಳಿದ:

"ಗುರುಗಳೇ, ಹಾಡು ಕೇಳಲೆಂದು ಮನೆಗೆ ಒಂದು ಸೆಟ್ ತಂದೆ. ನನ್ನ ಸಂಬಳಕ್ಕೆ ತಕ್ಕದ್ದು. ತಂದಾಗ ಸಂತೋಷವಾಗಿತ್ತು. ಅದರಲ್ಲಿ ದೋಷವಿದೆ ಎಂದು ಒಬ್ಬ ಹೇಳಿದ ಮೇಲೆ ಏನೋ ಸಾಲದು ಅನ್ನಿಸುತ್ತದೆ. ನಾನು ಕೇಳುವ ಹೊತ್ತಿಗೆ ಮನೆಯಲ್ಲಿ ಒಂದು ಲೋಟದ ಸದ್ದೂ ಆಗದಂತೆ ನೋಡಿಕೊಂಡಿದ್ದೇನೆ. ಆದರೂ ಮನಸ್ಸು ತುಂಬುತ್ತಿಲ್ಲ. ಇನ್ನು ಯಾವ ಸೆಟ್ ತಂದರೆ ಈ ಆಸೆ ಅಡಗುತ್ತದೆ?"

"ಒಬ್ಬ ಪಾತ್ರೆ ವ್ಯಾಪಾರಿಯ ಕತೆ ಹೇಳುತ್ತೇನೆ, ಕೇಳು" ಎಂದು ಗುರುಗಳು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಹಿತ್ತಾಳೆ ಪಾತ್ರೆಯ ವ್ಯಾಪಾರಿ ಇದ್ದ. ಅವನ ಬಂಡವಾಳವೆಂದರೆ ಅವನ ಕಿವಿ. ಬಿಂದಿಗೆಯನ್ನು ಕೈಯಲ್ಲಿ ಎತ್ತಿ ಹಿಡಿದು ಬೆರಳಿನಿಂದ ಒಮ್ಮೆ ಬಡಿಯುತ್ತಿದ್ದ. ಸದ್ದು ತುಂಬಿ ಬಂದರೆ ಕೊಳ್ಳುತ್ತಿದ್ದ. ಸದ್ದು ಒಡೆದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು ಇದೆ ಎಂದು ಪಕ್ಕಕ್ಕಿಡುತ್ತಿದ್ದ. ಒಮ್ಮೆಯೂ ಅವನ ಮಾತು ಸುಳ್ಳಾಗಿರಲಿಲ್ಲ. ಆ ಕಿವಿಯ ಮೇಲೆ ಅವನಿಗೆ ಬಹಳ ಹೆಮ್ಮೆಯಿತ್ತು.

ಅವನಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವನೂ ಅವನ ಅಕ್ಕನೂ ಇಬ್ಬರೇ. ಅಕ್ಕ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು. ತಮ್ಮನಿಗೆ ಭಾರವಾಗಿ ಕೂರಲಿಲ್ಲ. ಮಲ್ಲಿಗೆ ಮೊಗ್ಗು ತರಿಸಿ, ಓಣಿಯ ಹೆಂಗಸರನ್ನು ಸೇರಿಸಿ, ಹೂ ಕಟ್ಟಿಸಿ ಮಾರುತ್ತಿದ್ದಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಗಂಡ ಸತ್ತ ದಿನ ಊರಿನವರು ಅವನ್ನು ಒಡೆದಿದ್ದರು. ಒಡೆಯಲು ಬಂದವರು ಬಹಳ ಮಂದಿ. ಅದಾದ ಮೇಲೆ ಉಂಡೆಯಾ ಎಂದು ಕೇಳಲು ಅವರಲ್ಲಿ ಒಬ್ಬರೂ ಬರಲಿಲ್ಲ.

ಹೂ ಕಟ್ಟುವುದು ಆ ಮನೆಯ ಪಡಸಾಲೆಯಲ್ಲಿ. ಕಲ್ಲು ಹಾಸಿದ ತಣ್ಣನೆಯ ಜಾಗ. ಮೊಗ್ಗಿಗೆ ತಂಪು ಬೇಕು. ಸೆಖೆ ತಾಗಿದರೆ ಕೈಯಲ್ಲಿರುವಾಗಲೇ ಅರಳಿಬಿಡುತ್ತದೆ. ಅರಳಿದ ಹೂವನ್ನು ಮಾರುಕಟ್ಟೆಯಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಸಂಜೆಯಾದರೆ ಹೆಂಗಸರು ಅಲ್ಲಿಗೇ ಬಂದು ಒದ್ದೆ ಬಟ್ಟೆಯ ಮೇಲೆ ಮೊಗ್ಗು ಸುರಿದುಕೊಂಡು, ಬಾಳೆನಾರಿನಲ್ಲಿ ಕಟ್ಟುತ್ತ ಕೂರುತ್ತಿದ್ದರು.

ವ್ಯಾಪಾರಿ ಒಂದು ದಿನ ಪೇಟೆಯಿಂದ ಒಂದು ಸೆಟ್ ತಂದ. ಒಂದು ಆಂಪ್ಲಿಫೈಯರ್, ಸಿ.ಡಿ. ಹಾಕುವ ಒಂದು ಪೆಟ್ಟಿಗೆ, ಮರದ ಎರಡು ಸ್ಪೀಕರು. ದುಬಾರಿಯದಲ್ಲ. ಅವನ ಕೈಗೆ ಎಟುಕುವಂಥದ್ದು. ಗೋಡೆಯ ಗೂಡಿನಲ್ಲಿ ಇಟ್ಟು ಒಂದು ಹಾಡು ಹಾಕಿದ. ಏಕತಾರಿ ಹಿಡಿದು ಒಬ್ಬ ಹೆಣ್ಣುಮಗಳು ಹಾಡಿದ ತತ್ವಪದ.

ಹೂ ಕಟ್ಟುವ ಕೈಗಳು ನಿಂತವು. ಅವರಲ್ಲಿ ದುರುಗವ್ವ ಎಂಬವಳು ಬಾಯಿ ಜೋರಿನ ಹೆಂಗಸು. ಅವಳು ಹಿಂದೆ ತಿರುಗಿ ನೋಡಿದಳು.

"ಯವ್ವಾ, ನನ್ನ ಬೆನ್ನ ಹಿಂದ ಕೂತು ಹಾಡಿದಂಗಾತಲ್ಲೇ! ಕರದು ಒಂದು ಬೊಗಸೆ ಮೊಗ್ಗು ಕೊಡ್ರಿ ಅಕಿಗೆ, ಸುಮ್ನ ಕೂತು ಹಾಡಿದರ ಹೆಂಗ?"

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಗೋಡೆಗೆ ಒರಗಿ ಕಾಲು ಚಾಚಿ ಹಾಡು ಮುಗಿಯುವವರೆಗೆ ಕೇಳಿದ. ಮರುದಿನವೂ ಕೇಳಿದ. ಒಂದು ವರ್ಷ ಹೀಗೇ ನಡೆಯಿತು. ಆ ವರ್ಷದಲ್ಲಿ ಅವನಿಗೆ ಇನ್ನೇನಾದರೂ ಬೇಕು ಎಂದು ಅನ್ನಿಸಲಿಲ್ಲ.

ಆಮೇಲೆ ಆ ಊರಿನಲ್ಲಿ ಒಬ್ಬ ಸ್ಪೀಕರ್ ಅಂಗಡಿ ತೆರೆದ. ಪೂಜೆಗೆ ದೀಪದ ಕಂಬ ಬೇಕೆಂದು ವ್ಯಾಪಾರಿಯ ಬಳಿ ಬಂದ. ವ್ಯಾಪಾರಿ ಕಂಬವನ್ನು ಬಡಿದು ಆರಿಸಿಕೊಟ್ಟದ್ದನ್ನು ನೋಡಿದ. ಮಾತಾಡುತ್ತ ಮಾತಾಡುತ್ತ ಪಡಸಾಲೆಯವರೆಗೆ ಬಂದ. ಹಾಡು ನಡೆದಿತ್ತು. ಅವನು ತಲೆ ಓರೆ ಮಾಡಿ ಕೇಳಿ, ಹುಬ್ಬು ಗಂಟಿಕ್ಕಿದ.

"ಬಿಂದಿಗೆಯ ಬಿರುಕು ನಿಮ್ಮಂಥವರಿಗೆ ಒಂದೇ ಏಟಿಗೆ ತಿಳಿಯುತ್ತದೆ. ಈ ಸದ್ದಿನಲ್ಲಿರುವ ಬಿರುಕು ಇಷ್ಟು ದಿನ ತಿಳಿಯಲಿಲ್ಲವೇ, ಧಣಿ?"

ಕಳ್ಳ ಬಾಗಿಲು ಮುರಿದು ಒಳಗೆ ಬರುತ್ತಾನೆ. ಇವನು ಹೊಗಳಿಕೊಂಡೇ ಒಳಗೆ ಬಂದ. "ಬಿರುಕಿಲ್ಲ" ಎಂದರೆ ತನ್ನ ಕಿವಿಯೇ ಮೊಂಡು ಎಂದು ಒಪ್ಪಿಕೊಂಡಂತೆ. ಆದ್ದರಿಂದ ವ್ಯಾಪಾರಿ, "ನನಗೂ ಹಾಗೇ ಅನ್ನಿಸಿತ್ತು" ಎಂದುಬಿಟ್ಟ. ಅನ್ನಿಸಿರಲಿಲ್ಲ. ಆ ಕ್ಷಣದಿಂದ ಅನ್ನಿಸತೊಡಗಿತು.

ಅವತ್ತಿನಿಂದ ಅವನು ಹಾಡನ್ನು ಕೇಳಲಿಲ್ಲ, ಬಡಿದು ನೋಡಿದ. ಏಕತಾರಿಯ ತಂತಿ ಒಡೆಯುತ್ತದೆಯೇ? ಹಾಡುವವಳ ಉಸಿರು ಗರಗರ ಅನ್ನುತ್ತದೆಯೇ? ಹಾಡು ಅರ್ಧಕ್ಕೆ ಬರುತ್ತಲೇ ನಿಲ್ಲಿಸುತ್ತಿದ್ದ. ಹಿಂದಕ್ಕೆ ಓಡಿಸಿ ಅದೇ ಜಾಗವನ್ನು ಮತ್ತೆ ಹಾಕುತ್ತಿದ್ದ. ಮತ್ತೆ ನಿಲ್ಲಿಸುತ್ತಿದ್ದ.

"ಯಪ್ಪಾ, ದಿನಾ ಅಕಿನ್ನ ನಡುದಾರ್ಯಾಗ ಇಳಿಸಿ ಬಿಡ್ತೀಯಲ್ಲ" ಎಂದಳು ದುರುಗವ್ವ. "ಒಂದು ದಿನಾರ ಊರು ಮುಟ್ಟಿಸೋ!"

ಹೆಂಗಸರು ನಕ್ಕರು. ಈ ಸಲ ವ್ಯಾಪಾರಿ ನಗಲಿಲ್ಲ.

ವೈರು ಬದಲಾಯಿತು. ಸ್ಪೀಕರು ಬದಲಾದವು. ಹಳೆಯವು ಪಾತ್ರೆಯ ಗೋದಾಮಿಗೆ ಹೋದವು. ಹೊಸವು ಆಳೆತ್ತರದವು. ಅಂಗಡಿಯವನೇ ಬಂದು ಅವನ್ನು ಪಡಸಾಲೆಯ ನಡುವಿಗೆ ಎಳೆದು ನಿಲ್ಲಿಸಿದ. ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ, ಅದರ ಮೇಲೆ ಒಂದು ಕುರ್ಚಿ ಇಟ್ಟ.

"ಸದ್ದು ಸರಿಯಾಗಿ ಕೂಡುವುದು ಈ ಜಾಗದಲ್ಲಿ ಮಾತ್ರ. ಅತ್ತಿತ್ತ ಒಂದು ಗೇಣು ಸರಿದರೂ ಇಲ್ಲ. ನೀವು ಇಲ್ಲೇ ಕೂರಬೇಕು."

"ಉಳಿದವರು?" ಎಂದು ಅಕ್ಕ ಕೇಳಿದಳು.

ಅಂಗಡಿಯವನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ವ್ಯಾಪಾರಿಗೆ ಅರ್ಥವಾಯಿತು. ಆದರೂ ಅವನು ಕುರ್ಚಿಯ ಕಡೆಗೇ ನಡೆದ.

ಹೆಂಗಸರು ಗೋಡೆಯ ಅಂಚಿಗೆ ಸರಿದರು. ಮೊಗ್ಗಿನ ಬುಟ್ಟಿ ಬಾಗಿಲ ಹೊರಗೆ ಹೋಯಿತು. ವ್ಯಾಪಾರಿ ಕುರ್ಚಿಯ ಮೇಲೆ ಕೂತ. ಅವರೆಲ್ಲರ ಜೊತೆ ನೆಲದ ಮೇಲೆ ಕೂತು ಕೇಳುತ್ತಿದ್ದವನು ಈಗ ಅವರಿಗೆ ಬೆನ್ನು ಹಾಕಿ ಒಬ್ಬನೇ ಕೇಳತೊಡಗಿದ.

ಒಂದು ಸಂಜೆ ಹಾಡಿನ ಹಿಂದೆ ಸಣ್ಣದೊಂದು ಸದ್ದು ಕೇಳಿಸಿತು. ಕಿಣಿಕಿಣಿ ಅನ್ನುವ ಸದ್ದು. ವೈರು ಬಿಚ್ಚಿ ಕಟ್ಟಿದ. ಅಂಗಡಿಯವನನ್ನು ಕರೆಸಿದ. ಅವನು ಬಂದು ಇನ್ನೊಂದು ಪೆಟ್ಟಿಗೆ ಹಚ್ಚಿ ಹೋದ. ಸದ್ದು ಹೋಗಲಿಲ್ಲ. ಕೊನೆಗೆ ವ್ಯಾಪಾರಿ ಕಣ್ಣು ಮುಚ್ಚಿ, ಬಿಂದಿಗೆಗೆ ಕಿವಿ ಕೊಡುವಂತೆ ಕಿವಿ ಕೊಟ್ಟ. ಸದ್ದು ಪೆಟ್ಟಿಗೆಯಿಂದ ಬರುತ್ತಿರಲಿಲ್ಲ. ಬೆನ್ನ ಹಿಂದಿನಿಂದ ಬರುತ್ತಿತ್ತು. ಹೂವಿಗೆ ಗಂಟು ಹಾಕುವಾಗೆಲ್ಲ ಹೆಂಗಸರ ಕೈಯ ಗಾಜಿನ ಬಳೆ ಒಂದಕ್ಕೊಂದು ತಾಗುತ್ತಿದ್ದವು. ಅವು ಮೊದಲ ದಿನದಿಂದಲೂ ಹಾಗೆಯೇ ತಾಗುತ್ತಿದ್ದವು.

ಅವನು ತಿರುಗಿ ಕೂಡ ನೋಡಲಿಲ್ಲ.

"ನಾಳೆಯಿಂದ ಎಲ್ಲರೂ ಬಳೆ ತೆಗೆದಿಟ್ಟು ಬರ್ರಿ" ಎಂದ.

ದುರುಗವ್ವ ನಾರನ್ನು ಕೆಳಗಿಟ್ಟಳು.

"ಏನಂದಿ?"

"ಬಳೆ ಸದ್ದು ಮಾಡ್ತಾವು. ಹಾಡು ಕೆಡ್ತೈತಿ."

"ನನ್ನ ಗಂಡ ಅಲ್ಲಿ ಮನ್ಯಾಗ ಜೀವಂತ ಕೂತು ರೊಟ್ಟಿ ಮುರೀತಾನ. ನೀ ಇಲ್ಲಿ ನನ್ನ ಬಳೆ ತೆಗಿ ಅಂತೀಯೇನು?" ದುರುಗವ್ವ ಎದ್ದು ನಿಂತಳು. "ಎದ್ದೇಳ್ರೇ. ಇವನ ಪೆಟ್ಟಿಗಿಗೆ ಹಾಡು ಸಾಲವಲ್ದು, ನಮ್ಮ ಗಂಡಂದಿರ ಆಯುಷ್ಯಾನೂ ಬೇಕಂತ!"

ಹೆಂಗಸರು ಮೊಗ್ಗು ಬಾಚಿ ಮಡಿಲಿಗೆ ಹಾಕಿಕೊಂಡು ಹೊರಟರು. ಮಾಬುಬಿ ಎಂಬವಳು ಅವರಲ್ಲಿ ಮೆತ್ತನೆಯ ಹೆಂಗಸು. ಅವಳೂ ಹೊಸಲಲ್ಲಿ ನಿಂತು, "ತಂಗಿಯಂದಿರಿಗೆ ಆಡೋ ಮಾತಲ್ಲ ಭೈಯಾ ಇದು" ಎಂದು ಹೋದಳು.

ಅಕ್ಕ ಒಬ್ಬಳೇ ಉಳಿದಳು. ಅವಳು ತನ್ನ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು.

"ನಿನ್ನ ಹಾಡಿಗೆ ಲಾಯಕ್ಕಾದ ಕೈ ಈ ಮನ್ಯಾಗ ನಂದೊಂದೇ ನೋಡು, ತಮ್ಮಾ."

ಅಷ್ಟೇ ಹೇಳಿ ಒಳಗೆ ಹೋದಳು. ತನ್ನ ಟ್ರಂಕು ಎತ್ತಿಕೊಂಡು ಬಂದಳು. ಎದುರು ಸಾಲಿನ ದುರುಗವ್ವನ ಮನೆಗೆ ನಡೆದಳು. ಅವನು ಕರೆಯಲಿಲ್ಲ. ಕರೆದರೂ ಅವಳು ನಿಲ್ಲುತ್ತಿರಲಿಲ್ಲ.

ಈಗ ಮನೆಯಲ್ಲಿ ಒಂದೇ ಒಂದು ಸದ್ದಿಲ್ಲ. ವ್ಯಾಪಾರಿ ಬಾಗಿಲು ಹಾಕಿದ. ಗುರುತಿನ ಮೇಲಿನ ಕುರ್ಚಿಯಲ್ಲಿ ಕೂತ. ಹಾಡು ಹಾಕಿದ. ಎಲ್ಲಿಯೂ ಬಿರುಕಿಲ್ಲ. ಗರಗರ ಇಲ್ಲ. ಕಿಣಿಕಿಣಿ ಇಲ್ಲ. ನಿಲ್ಲಿಸಲು ಕಾರಣ ಸಿಗದೆ ಕೊನೆಯವರೆಗೂ ಕೇಳಿದ. ಹಾಡು ಮುಗಿಯಿತು. ಇನ್ನೊಮ್ಮೆ ಹಾಕು ಎನ್ನಲು ಯಾರೂ ಇರಲಿಲ್ಲ. ಅವನಿಗೂ ಇನ್ನೊಮ್ಮೆ ಹಾಕಬೇಕು ಅನ್ನಿಸಲಿಲ್ಲ. ಬಡಿದು ನೋಡಿ ಸರಿಯಾಗಿದೆ ಎಂದು ಪಕ್ಕಕ್ಕಿಟ್ಟ ಬಿಂದಿಗೆಯಂತೆ ಆ ಹಾಡು ಅಲ್ಲೇ ಉಳಿಯಿತು.

ಹೀಗೆ ಕೆಲವು ದಿನ ಕಳೆದವು. ಒಂದು ಸಂಜೆ ಸೆಖೆ ತಡೆಯಲಾರದೆ ಬಾಗಿಲು ತೆಗೆದ. ಓಣಿಯ ಆಚೆಯಿಂದ ಅದೇ ಹಾಡು ಕೇಳಿಸಿತು. ದುರುಗವ್ವನ ಜಗಲಿಯ ಮೇಲೆ ಕೂತು ಹೂ ಕಟ್ಟುತ್ತ ಹೆಂಗಸರೇ ಹಾಡುತ್ತಿದ್ದರು. ಒಬ್ಬಳ ದನಿ ಮೇಲಕ್ಕೆ, ಇನ್ನೊಬ್ಬಳದು ಕೆಳಕ್ಕೆ. ದುರುಗವ್ವ ನಡುವೆ ಸಾಲು ಮರೆತು ತನಗೆ ತೋಚಿದ್ದನ್ನು ಸೇರಿಸುತ್ತಿದ್ದಳು. ಬಳೆಗಳು ಜೊತೆಗೆ ಸದ್ದು ಮಾಡುತ್ತಿದ್ದವು.

ಅದರಲ್ಲಿ ಒಂದು ದನಿ ಅವನಿಗೆ ಗುರುತು ಹತ್ತಲಿಲ್ಲ. ಹೊಸಲು ದಾಟಿ ಓಣಿಗೆ ಇಳಿದು ನೋಡಿದ. ಹಾಡುತ್ತಿದ್ದವಳು ಅಕ್ಕ. ಅವಳು ಹಾಡಬಲ್ಲಳು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಪಡಸಾಲೆಯಲ್ಲಿ ಅವಳು ದಿನವೂ ಅವನ ಹಿಂದೆ ಕೂತು ಸಣ್ಣಗೆ ದನಿಗೂಡಿಸುತ್ತಿದ್ದಳೋ ಏನೋ. ಬಿರುಕು ಹುಡುಕುವ ಕಿವಿಗೆ ಅದು ಕೇಳಿಸಿರಲಿಲ್ಲ.

ಆ ದನಿ ಒಡೆದಿತ್ತು. ಅವನು ಬೀದಿಯಲ್ಲಿ ನಿಂತೇ ಹಾಡು ಮುಗಿಯುವವರೆಗೆ ಕೇಳಿದ. ಮುಗಿದಾಗ ಇನ್ನೊಮ್ಮೆ ಕೇಳಬೇಕು ಅನ್ನಿಸಿತು.

ಆಗ ಅವನ ಕಣ್ಣು ಬುಟ್ಟಿಯ ಮೇಲೆ ಬಿತ್ತು. ಜಗಲಿಯ ಸೆಖೆಗೆ ಮೊಗ್ಗುಗಳು ನಾರಿಗೆ ಸೇರುವ ಮೊದಲೇ ಅರಳಿ ಬಾಯಿ ಬಿಟ್ಟಿದ್ದವು. ಇವರು ಕಟ್ಟಿದ ಹೂವನ್ನು ನಾಳೆ ಕೊಳ್ಳುವವರಿಲ್ಲ. ತಂಪಾದ ಪಡಸಾಲೆಯಲ್ಲಿ ಒಂದು ಕುರ್ಚಿ ಕೂತಿದೆ, ಅನ್ನ ದುಡಿಯುವವರು ಕಾದ ಜಗಲಿಯ ಮೇಲೆ ಕೂತಿದ್ದಾರೆ. ಅವನಿಗೆ ತನ್ನ ಮೇಲೆ ಸಿಟ್ಟು ಬಂತು. ಬರಬೇಕಾದ ಸಿಟ್ಟೇ ಅದು. ತಡವಾಗಿ ಬಂತು, ಅಷ್ಟೇ.

ಮರುದಿನ ಅವನು ಗೋದಾಮಿಗೆ ಹೋಗಿ, ಪಾತ್ರೆಗಳ ನಡುವೆ ಧೂಳು ತಿನ್ನುತ್ತಿದ್ದ ಹಳೆಯ ಸ್ಪೀಕರುಗಳನ್ನು ಹೊತ್ತು ತಂದ. ಆಳೆತ್ತರದವನ್ನು ಅಂಗಡಿಯವನಿಗೆ ವಾಪಸು ಕಳಿಸಿದ. ನೆಲದ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಆಮೇಲೆ ಬಳೆಗಾರನನ್ನು ಕರೆದುಕೊಂಡು ದುರುಗವ್ವನ ಜಗಲಿಯ ಮುಂದೆ ಹೋಗಿ ನಿಂತ.

"ಏನು, ಈಗ ಬಾಯಿಗೆ ಬೀಗ ಹಾಕಸಾಕ ಬಂದ್ಯೇನು?" ಎಂದಳು ದುರುಗವ್ವ.

"ತಪ್ಪಾತು" ಎಂದ ವ್ಯಾಪಾರಿ. "ಬಾಯಿ ಹೊಲಸು ಮಾಡಿಕೊಂಡೆ. ತವರಿನಿಂದ ಅಣ್ಣ ಬಂದಾನ ಅಂತ ತಿಳಕೊಂಡು ಬಳೆ ಇಡಿಸಿಕೊಳ್ರಿ."

ದುರುಗವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ತೆಗಿ ಅಂದ ಬಾಯಿಲೇ ಇಟ್ಟುಕೋ ಅಂತಿ. ಆತು, ಇಟ್ಟುಕೋತೀವಿ. ಆದರ ಸದ್ದು ಬಾಳ ಮಾಡೂವೇ ಬೇಕು ಮತ್ತ!"

ಬಳೆಗಾರ ಬಳೆಯ ಸರ ಬಿಚ್ಚಿ ಕೂತ. ಒಬ್ಬೊಬ್ಬರಾಗಿ ಕೈ ಕೊಟ್ಟರು. ದುರುಗವ್ವ, ಮಾಬುಬಿ, ಉಳಿದವರು. ಅಕ್ಕ ಬುಟ್ಟಿಯ ಹತ್ತಿರ ಬೇರೆಯಾಗಿ ಕೂತು ನಾರು ಸೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮ ಅಕ್ಕಗೂ ಇಡು" ಎಂದ ವ್ಯಾಪಾರಿ.

ಬಳೆಗಾರನ ಕೈ ನಿಂತಿತು. ಅವನು ನೆಲ ನೋಡಿದ. "ಅವರಿಗೆ ಹೆಂಗ್ರೀ ಧಣಿ? ಮಂದಿ ಏನಂದಾರು?"

ಅಕ್ಕನೇ ನಾರನ್ನು ಪಕ್ಕಕ್ಕಿಟ್ಟು ಎದ್ದು ಬಂದಳು. ಬಳೆಗಾರನ ಎದುರು ಕೂತು ಕೈ ಚಾಚಿದಳು.

"ಒಡೆಯೂವಾಗ ಮಂದಿ ನನ್ನ ಕೇಳಿರಲಿಲ್ಲ. ಇಡೂವಾಗ ನಾ ಮಂದಿನ್ನ ಕೇಳೂದಿಲ್ಲ. ಹಸಿರು ಬಳೆ ಇಡಪಾ."

ಬಳೆಗಾರ ಇಟ್ಟ. ಯಾವ ಶಾಸ್ತ್ರ ಆ ಕೈಯನ್ನು ಬರಿದು ಮಾಡಿತ್ತೋ ಆ ಶಾಸ್ತ್ರ ತಡೆಯಲು ಬರಲಿಲ್ಲ. ಶಾಸ್ತ್ರಕ್ಕೆ ಇರುವ ಬಲವೆಲ್ಲ ನಾವು ಸುಮ್ಮನಿರುವುದರಿಂದ ಬಂದದ್ದು.

ಆ ಸಂಜೆ ಅಕ್ಕನ ಟ್ರಂಕು ಮನೆಗೆ ಮರಳಿತು. ವ್ಯಾಪಾರಿಯೇ ಅದನ್ನು ತಲೆಯ ಮೇಲೆ ಹೊತ್ತು ತಂದ. "ಮೆಲ್ಲಕ, ಮೆಲ್ಲಕ! ಒಳಗ ಬಿರುಕು ಬಿಟ್ಟೀತು" ಎಂದು ದುರುಗವ್ವ ಹಿಂದಿನಿಂದ ಕೂಗಿದಳು. ಈ ಸಲ ಅವನು ಎಲ್ಲರಿಗಿಂತ ಜೋರಾಗಿ ನಕ್ಕ. ಬಹಳ ದಿನದಿಂದ ಎದೆಯ ಮೇಲೆ ಕೂತಿದ್ದ ಏನೋ ಎದ್ದು ಹೋದಂತಾಯಿತು. ಇನ್ನು ಅವನು ಏನನ್ನೂ ಹುಡುಕಬೇಕಾಗಿರಲಿಲ್ಲ.

ಹಳೆಯ ಪೆಟ್ಟಿಗೆಗಳು ಗೂಡಿಗೆ ಏರಿದವು. ಕುರ್ಚಿಯನ್ನು ಗೋಡೆಗೆ ಸರಿಸಿ ಅದರ ಮೇಲೆ ಮೊಗ್ಗಿನ ಬುಟ್ಟಿ ಇಟ್ಟರು. ಬಾಗಿಲು ತೆಗೆದೇ ಇತ್ತು. ಹಾಡು ಶುರುವಾಯಿತು. ಏಕತಾರಿ ನುಡಿಯಿತು, ಬಳೆಗಳು ನುಡಿದವು. ವ್ಯಾಪಾರಿ ಗೋಡೆಗೆ ಒರಗಿ, ಕಾಲು ಚಾಚಿ, ಕಣ್ಣು ಮುಚ್ಚಿದ. ಅಷ್ಟು ಬಳೆಗಳ ನಡುವೆ ಒಂದು ಕೈಯ ಬಳೆ ಹೊಸದಾಗಿ ಸದ್ದು ಮಾಡುತ್ತಿತ್ತು. ಅವನ ಕಿವಿ ಅದನ್ನು ಗುರುತಿಸಿತು. ಕಿವಿ ಮೊದಲಿನಷ್ಟೇ ಚುರುಕಾಗಿತ್ತು. ಅದಕ್ಕೆ ಕೊಟ್ಟ ಕೆಲಸ ಮಾತ್ರ ಬೇರೆ.

ಹಾಡು ಕೊನೆಗೆ ಬಂತು.

"ಅಂತೂ ಊರು ಮುಟ್ಟಿದಳು, ಪಾಪ" ಎಂದಳು ದುರುಗವ್ವ. "ದಣಿದಾಳು. ಇನ್ನೊಂದು ಹಾಕು."

ವ್ಯಾಪಾರಿ ಇನ್ನೊಂದು ಹಾಕಿದ.

ಅಂಗಡಿಯವನು ಮತ್ತೊಮ್ಮೆ ಬರದೆ ಇರಲಿಲ್ಲ. ಹೊಸದೊಂದು ಬಂದಿದೆ, ಇದರ ಮುಂದೆ ನಿಮ್ಮದು ಏನೂ ಅಲ್ಲ ಎಂದ. ಬಾಗಿಲಲ್ಲೇ ನಿಂತು, "ಕೇಳಿ, ಕೇಳಿ, ಈಗಲೂ ಅದರಲ್ಲಿ ಬಿರುಕಿದೆ" ಎಂದು ಗೂಡಿನ ಕಡೆ ಬೆರಳು ಮಾಡಿದ.

"ಇರಲಿ ಬಿಡು" ಎಂದ ವ್ಯಾಪಾರಿ. "ನಾ ಅದರಾಗ ನೀರು ತುಂಬೂದೈತೇನು?"

ಅಂಗಡಿಯವನು ಹೋದ. ವ್ಯಾಪಾರಿ ಬದುಕಿರುವವರೆಗೆ ಆ ಮನೆಯಲ್ಲಿ ಆ ಪೆಟ್ಟಿಗೆಗಳೇ ಹಾಡಿದವು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಹಗುರಾಗಿತ್ತು. ಹೊಸದನ್ನು ಕೊಳ್ಳಬೇಕಾಗಿಲ್ಲ ಎಂಬಷ್ಟು ಅವನಿಗೆ ತಿಳಿದಿತ್ತು. ಆದರೂ ಒಂದು ಅನುಮಾನ ಉಳಿದಿತ್ತು. "ಗುರುಗಳೇ, ಆ ಹಳೆಯ ಸೆಟ್ ಯಾವ ಕಂಪನಿಯದು?" ಎಂದು ಕೇಳಿದ.

"ನೀನು ಹಾಡು ಕೇಳುವಾಗ ನಿನ್ನ ಮನೆಯವರು ಎಲ್ಲಿ ಕೂತಿರುತ್ತಾರೆ?" ಎಂದರು ಗುರುಗಳು.

ಉತ್ತರ ನೋಡಿಕೊಂಡು ಬರಲು ಶಿಷ್ಯ ಮನೆಯ ಕಡೆ ಹೊರಟ.

ಓದಿದವರೇ, ನಿಮ್ಮ ಬಳಿಯಾದರೂ ಉತ್ತರ ಇದೆಯೇ? ಇಲ್ಲದಿದ್ದರೆ ಇದನ್ನು ಮಡಚಿಟ್ಟು ಏಳಿ. ಕೋಣೆಯ ಬಾಗಿಲು ತೆಗೆಯಿರಿ. ಇದ್ದ ಪೆಟ್ಟಿಗೆಯಲ್ಲೇ ಒಂದು ಹಾಡು ಹಾಕಿ, ಒಳಗೆ ಸದ್ದಡಗಿಸಿ ಕೂತವರನ್ನು ಹೆಸರು ಹಿಡಿದು ಕರೆಯಿರಿ.